ನಗ್ಗು

ಕ್ರೆಮೋನಾದ ಆಚೆ, ಹುಲ್ಲು ಒಟ್ಟಿದ ಕೊಟ್ಟಿಗೆಯಲ್ಲಿ
ಐವತ್ತೊಂದು ವರ್ಷ ಕೂತಿತ್ತು
ಎರಡೇ ಸೀಟಿನ ಕೆಂಪು ಲಾನ್ಚಿಯಾ.
ಬಾನೆಟ್ಟಿನ ಮೇಲೆ ಕೋಳಿ ಕಾಲಿನ ಗೀರು,
ಸೀಟಿನ ಹೊಟ್ಟೆಯೊಳಗೆ ಇಲಿಯ ಬಾಣಂತನ.

ಟಾರ್ಚು ಹಿಡಿದು ಲೆಕ್ಕ ಹೇಳುತ್ತ ಹೋದೆ:
ಬಣ್ಣ ಪೂರ್ತಿ ಕೆರೆಯಬೇಕು, ಚರ್ಮ ಬದಲಿಸಬೇಕು,
ಹತ್ತು ತಿಂಗಳು ಕೊಡಿ,
ನಿನ್ನೆ ಕಾರ್ಖಾನೆಯಿಂದ ಬಂದ ಹಾಗೆ
ನಿಲ್ಲಿಸುತ್ತೇನೆ.

ಓರ್ನೆಲ್ಲಾ ಮಾತಾಡಲಿಲ್ಲ.
ಎಡಬಾಗಿಲ ಅಂಚಿನಲ್ಲಿ ಕೆಂಪು ಸವೆದು
ತಗಡು ಕಾಣುವ ಕಡೆ ಮೊಳಕೈ ಊರಿದಳು.
ಅಚ್ಚುಕಟ್ಟಾಗಿ ಕೂತಿತು.

"ಅಪ್ಪ ಇಲ್ಲೇ ಇಡುತ್ತಿದ್ದ.
ಕೆಳಗಿನ ಈ ನಗ್ಗು ನನ್ನದು.
ಏಳು ವರ್ಷ ಆಗ, ಸೈಕಲ್ಲು ತಂದು ಗುದ್ದಿದ್ದೆ.
ಬಯ್ಯಲಿಲ್ಲ. ನಕ್ಕ.
ನೀವಿದನ್ನು ಬಡಿದು ನೆಟ್ಟಗೆ ಮಾಡಿದರೆ
ಆ ನಗು ಎಲ್ಲಿಡಲಿ?"

ಮೂರು ತಲೆಮಾರು ತಗಡು ಬಡಿದ ಮನೆ ನಮ್ಮದು.
ಉತ್ತರ ಹೊಳೆಯಲಿಲ್ಲ.

ಕೊನೆಗೆ ತೆಗೆದದ್ದು ಇಷ್ಟೇ: ಇಲಿಗೂಡು,
ಅಂಟುಗಟ್ಟಿದ ಪೆಟ್ರೋಲು, ಜೀರ್ಣವಾದ ಪೈಪು.
ಬ್ರೇಕು ಮಾತ್ರ ಹೊಸದೇ ಆಗಬೇಕೆಂದು
ಹಟ ಹಿಡಿದೆ. ಒಪ್ಪಿದಳು.

ಕಾಫಿ ತರಲು ಅವಳು ಒಳಗೆ ಹೋದಾಗ
ಕಳ್ಳನ ಹಾಗೆ ಅತ್ತಿತ್ತ ನೋಡಿ
ನನ್ನ ಮೊಳಕೈ ಅಲ್ಲಿಟ್ಟೆ.

ಕೂರಲಿಲ್ಲ.