ಮಂಡಿಯೆತ್ತರದಲ್ಲಿ

ಸಿದ್ದಾಪುರದ ಚಿಟ್ಟಿಯಪ್ಪನ ಸ್ಟುಡಿಯೋದಿಂದ
ಎರವಲು ತಂದ ಕ್ಯಾಮೆರಾ.
ಬ್ಯಾಗಿನ ಮೂಲೆಯಲ್ಲಿ ನಾಲ್ಕು ಅಕ್ಕಿಕಾಳು,
ಯಾರ ಮದುವೆಯದೋ.

"ಜೂಮ್ ಮುಟ್ಟಬೇಡ,
ಹತ್ತಿರ ಬೇಕಾದರೆ ನಡೆದು ಹೋಗು, ಕಾಲು ಯಾಕಿದೆ?
ಮೊದಲು ಕೆಂಪು ಚುಕ್ಕೆ ಬಂತಾ ನೋಡು.
ಮದುಮಗಳು ನಿನಗೋಸ್ಕರ
ಎರಡನೇ ಸಲ ಅಳುವುದಿಲ್ಲ."

ನಮ್ಮದು ಒಂಬತ್ತು ನಿಮಿಷದ ಚಿತ್ರ: ಕಾಫಿ ಕುಯ್ಲಿನ ಒಂದು ದಿನ.
ಮಂಗಳವಾರದೊಳಗೆ ಕಾಲೇಜಿಗೆ ಕೊಡಬೇಕು.
ಸೌಂಡು ನಸೀಮಾಳದು.
ಮೆಣಸು ಕುಯ್ಯುವ ಬಿದಿರೇಣಿಯ ಮುರಿದ ಕಾಲಿಗೆ ಮೈಕು ಕಟ್ಟಿ
ಗಾಳಿ ಹೊಗದಂತೆ
ಅವಳಪ್ಪನ ಮಂಕಿ ಕ್ಯಾಪು ತೊಡಿಸಿದಳು.
ಬೆಳಗಿನ ಮಂಜಿನಲ್ಲಿ ಯಾರೋ ಮುದುಕ
ಗಿಡಗಳ ಮೇಲಿಂದ ಇಣುಕಿದಂತಾಗಿ
ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.
ಆ ನಗು ನನಗೆ ಸಿಗಲಿಲ್ಲ,
ವೈಟ್ ಬ್ಯಾಲೆನ್ಸಿಗೆ ಬಿಳಿ ಹುಡುಕುತ್ತಿದ್ದೆ.
ಕೊನೆಗೆ ಹಿಡಿದದ್ದು ಗೊಬ್ಬರದ ಚೀಲದ ಒಳಮೈ.
ಇಡೀ ಬೆಳಗು ಚೂರು ನೀಲಿಯಾಯಿತು.

"ಒಂದು ನಿಮಿಷ ಯಾರೂ ಅಲ್ಲಾಡಬೇಡಿ,
ಜಾಗದ ಸದ್ದು ಬೇಕು" ಅಂದಳು ನಸೀಮಾ.
ಹದಿನಾಲ್ಕು ಹೆಂಗಸರು ಕೊಂಬೆಯಲ್ಲಿ ಬೆರಳಿಟ್ಟೇ ನಿಂತರು.
ಹೆಡ್‌ಫೋನಿನಲ್ಲಿ ದೂರದ ಪಲ್ಪರು, ಒಂದು ಕಾಡುಕೋಳಿ,
ಯಾರದೋ ಹೊಟ್ಟೆಯ ಗುರುಗುರು.
ಒಂದು ನಿಮಿಷಕ್ಕೆ ಎಷ್ಟು ಹಣ್ಣು,
ಎಷ್ಟು ಹಣ್ಣಿಗೆ ಎಷ್ಟು ದುಡ್ಡು,
ನನಗೆ ಹೊಳೆಯಲೇ ಇಲ್ಲ.

ಸಂಜೆ ತೂಕ.
ಬೊಳಚಿಯ ಚೀಲ ಕೊಕ್ಕೆಗೇರಿತು.
ರೈಟರ್ ತಮ್ಮಯ್ಯ ಮುಳ್ಳು ನೋಡಿ ಕೂಗಿ ಬರೆದುಕೊಂಡ.
ಅವಳ ಮುಖ ಫೋಕಸ್ಸಿನಲ್ಲಿ,
ಹಿಂದೆ ಸಿಲ್ವರ್ ಓಕುಗಳ ನಡುವೆ ಕಡೇ ಬಿಸಿಲು.
ಚಿಟ್ಟಿಯಪ್ಪನೂ ತಲೆದೂಗುವ ಶಾಟು.

ರಾತ್ರಿ ಕಾರ್ಡು ತೆರೆದರೆ ಅದಿಲ್ಲ.
ಎಲ್ಲೋ ಒಮ್ಮೆ ಬಟನ್ನು ಎರಡು ಸಲ ಒತ್ತಿದ್ದೆ.
ಅಲ್ಲಿಂದ ಎಲ್ಲಾ ತಲೆಕೆಳಗು:
ನಾನು ಹಿಡಿದಾಗ ನಿಂತಿದೆ,
ನಿಲ್ಲಿಸಿದೆ ಅಂದುಕೊಂಡು ಕೈ ಇಳಿಬಿಟ್ಟಾಗ ಓಡಿದೆ.
ಇಪ್ಪತ್ತು ನಿಮಿಷ ನನ್ನದೇ ಚಪ್ಪಲಿ, ದರಗು,
ಚಪ್ಪಲಿ ಹತ್ತುವ ಚಿಗಳಿ.
ನಸೀಮಾ ನಕ್ಕೂ ನಕ್ಕೂ ಅಳಿಸಲು ಹೊರಟಳು.

ಬಾಣದ ಕೀಲಿ ಒತ್ತಿ
ಒಂದೊಂದೇ ಫ್ರೇಮು ಸರಿಸುವುದನ್ನು ಆಗಷ್ಟೇ ಕಲಿತಿದ್ದೆ.
ಸೆಕೆಂಡಿಗೆ ಇಪ್ಪತ್ತೈದು.
ಓರೆ ಚಿತ್ರ. ಮೂಲೆಯಲ್ಲಿ ಬೊಳಚಿಯ ಎರಡನೇ ಚೀಲದ ತಳ.
ಖಾಕಿ ಪ್ಯಾಂಟಿನ ಮಂಡಿಯೊಂದು ಮೆಲ್ಲಗೆ ಬಂದು
ಚೀಲದಡಿಗೆ ಒರಗಿತು,
ಮನೆಯ ಬೆಕ್ಕಿನಷ್ಟು ಸಲಿಗೆಯಿಂದ.
ಮೇಲೆಲ್ಲೋ ದನಿ: "ನಲವತ್ತಾರು."
ಮಂಡಿ ಹೊರಟುಹೋಯಿತು.

ಹಿಂದಕ್ಕೆ ಒತ್ತಿದೆ. ಮುಂದಕ್ಕೆ. ಮತ್ತೆ ಹಿಂದಕ್ಕೆ.
ನಲವತ್ತೊಂದು ಫ್ರೇಮು.

ಚಿಟ್ಟಿಯಪ್ಪ ನೋಡಿ, "ಮಸುಕು, ಓರೆ, ಕತ್ತರಿಸು" ಅಂದರು.
ಕನ್ನಡಕ ತೆಗೆದು ಒರೆಸಿಕೊಂಡು
"ಇನ್ನೊಮ್ಮೆ ಹಾಕು" ಅಂದರು.

ಲೈನ್ ಮನೆಯ ಮೆಟ್ಟಿಲಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು
ಬೊಳಚಿಗೆ ತೋರಿಸಿದೆವು.
ಎಲೆಅಡಿಕೆ ಬಾಯಿಗಿಟ್ಟುಕೊಂಡಳು.
"ಆ ಮಂಡಿ ನನಗೆ ಹನ್ನೊಂದು ವರ್ಷದಿಂದ ಗೊತ್ತು ಮಗಾ.
ಎಷ್ಟು ಕೆಜಿ ತಿಂತು ಅಂತ
ಇದರಲ್ಲಿ ಬರ್ತದಾ?"
ಬರುವುದಿಲ್ಲ ಅಂದೆ.
"ಬೆಳಿಗ್ಗೆ ನಾವು ನಕ್ಕಿದ್ದು?"
ಅದೂ ಇಲ್ಲ.

ಮಾರನೆಯ ಸಂಜೆ ಟ್ರೈಪಾಡಿನ ಕಾಲುಗಳನ್ನು ಪೂರಾ ಅಗಲಿಸಿ
ತಕ್ಕಡಿಯೆದುರು ಮಂಡಿಯೆತ್ತರಕ್ಕೆ ಕ್ಯಾಮೆರಾ ಇಟ್ಟೆ.
ಕೆಂಪು ಚುಕ್ಕೆ ಮೂರು ಸಲ ನೋಡಿಕೊಂಡೆ.
ತಮ್ಮಯ್ಯನೂ ನೋಡಿದ.
ಆಮೇಲೆ ಚೀಲ ಬಿಟ್ಟು ಒಂದು ಮಾರು ದೂರ ನಿಂತ,
ರಾಷ್ಟ್ರಗೀತೆಗೆ ನಿಂತ ಹಾಗೆ.
ಮುಳ್ಳು ನಡುಗುತ್ತ ನಡುಗುತ್ತ ಐವತ್ತೊಂದರಲ್ಲಿ ನಿಂತಿತು.
ಸಾಲಿನಲ್ಲಿ ಯಾರೂ ಏನೂ ಅನ್ನಲಿಲ್ಲ.
ನಸೀಮಾಳ ಮೈಕಿನಲ್ಲಿ ಬರೀ ಕೊಕ್ಕೆಯ ಕಿರಕಿರ.

ಖಾಲಿ ಚೀಲ ಕೊಡವಿ ಮಡಚುತ್ತ ಬೊಳಚಿ ಕೇಳಿದಳು,
"ನಾಳೆನೂ ಬರ್ತೀರಾ?"

ಭಾನುವಾರ ಅಮ್ಮತ್ತಿಯಲ್ಲಿ ಮದುವೆ.
ಕ್ಯಾಮೆರಾ ಇವತ್ತೇ ವಾಪಸು ಕೊಡಬೇಕು.