ಒಲೆಯಿಲ್ಲದ ಊದುಗೊಳವೆ

ಗುತ್ತಲು ರಸ್ತೆ, ಯೂನಿಯನ್ ಆಫೀಸಿನ ಮೇಲ್ಮಹಡಿ.
ಹದಿನೆಂಟು ಮೆಟ್ಟಿಲು.
ಯಾರಲ್ಲಿ ಉಸಿರು ಎಷ್ಟು ಉಳಿದಿದೆ ಎಂದು
ಮೆಷಿನ್ನಿಗಿಂತ ಮೊದಲು ಮೆಟ್ಟಿಲೇ ಹೇಳಿಬಿಡುತ್ತದೆ.
ಎಂಟನೆಯದರಲ್ಲಿ ನಿಂತು
ಚಪ್ಪಲಿ ಸರಿಮಾಡಿಕೊಳ್ಳುವವರಂತೆ
ಬಗ್ಗುತ್ತಾರೆ ಜಬ್ಬಾರ್ ಸಾಹೇಬರು.
ಹೋದ ವರ್ಷ ಹನ್ನೆರಡರಲ್ಲಿ ಬಗ್ಗಿದ್ದರು.
ಅದಕ್ಕೆ ನನ್ನ ಫಾರಮಿನಲ್ಲಿ ಖಾನೆ ಇಲ್ಲ.

"ತುಂಬ ಎಳೆದುಕೊಳ್ಳಿ. ಈಗ ಊದಿ. ಊದಿ ಊದಿ ಊದಿ,
ಬಿಡಬೇಡಿ, ಇನ್ನೂ, ಇನ್ನೂ..."
ದಿನಕ್ಕೆ ನಲವತ್ತು ಸಲ ಕೂಗಿ
ಒಡೆಯುವುದು ನನ್ನ ಗಂಟಲು.
ಗೆರೆ ಏಳುತ್ತದೆ,
ನೀರು ಸಾಲದ ಕೂಳೆ ಕಬ್ಬಿನ ಹಾಗೆ
ಗೇಣುದ್ದಕ್ಕೇ ಬಾಗುತ್ತದೆ.

ಎಲ್ಲರೂ ಬಾಯ್ಲರ್ ಮನೆಯವರು.
ಹಬೆ ಕೊಳವೆಗೆ ಬಿಳಿ ಹಗ್ಗ ಸುತ್ತಿದವರು,
ಬಿಳಿ ಹಿಟ್ಟು ಕಲಸಿ ಬರಿಗೈಯಲ್ಲಿ ಮೆತ್ತಿದವರು,
ಸೀಜನ್ ಮುಗಿದ ಮೇಲೆ
ಅದನ್ನೇ ಉಳಿಯಿಟ್ಟು ಕಿತ್ತವರು.
ಕಲ್ನಾರು ಎಂಬ ಹೆಸರು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ.
ಹತ್ತಿ ಅನ್ನುತ್ತಿದ್ದರಂತೆ.

ಕಬ್ಬಿಗೂ ನಾರಿದೆ, ಜಗಿದು ಉಗಿಯಬಹುದು.
ಹೂವಿನ ಜೊತೆಗಿದ್ದ ನಾರು ಸ್ವರ್ಗಕ್ಕೆ ಹೋಯಿತಂತೆ.
ಕಲ್ಲಿನ ನಾರು ಎಲ್ಲಿಗೂ ಹೋಗುವುದಿಲ್ಲ.
ಇಪ್ಪತ್ತು ಮೂವತ್ತು ವರ್ಷ
ಬಾಡಿಗೆ ಕೊಡದೆ ಎದೆಯ ಮೂಲೆಯಲ್ಲಿ ಕೂತು
ಪಿಂಚಣಿ ಬರುವ ಹೊತ್ತಿಗೆ
ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ.

ಬೋರಲಿಂಗಯ್ಯ ಕೇಳಿದರು:
"ವರ್ಷ ವರ್ಷ ನೋಡಿ ನೋಡಿ ಏನ್ ಮಾಡೀಯವ್ವ?"
ವಾಸಿ ಮಾಡುವ ಕೆಲಸ ನನ್ನದಲ್ಲ.
"ಬರೆದಿಡ್ತೀನಿ" ಅಂದೆ.
ಅವರು ಸುಮಾರು ಹೊತ್ತು ಕೆಮ್ಮಿದರು.
"ಬರ್ಕೊ ತಾಯಿ. ಫ್ಯಾಕ್ಟ್ರಿಯೋರು ಹಾಜ್ರಿ ಒಂದೇ ಬರ್ಕಂಡಿದ್ದು."

ಪಕ್ಕದ ಬೆಂಚಿನಲ್ಲಿ
ಎಕ್ಸ್‌ರೇ ಕವರನ್ನು ಮಡಿಲಲ್ಲಿಟ್ಟುಕೊಂಡು ಹೆಂಡತಿ ದ್ಯಾವೀರಮ್ಮ.
ಕೆಮ್ಮು ಅವರದಷ್ಟೇ ಅಲ್ಲ,
ಸರದಿಯಂತೆ ಈಕೆಯದೂ.
"ನೀವೂ ಕೆಲಸಕ್ಕಿದ್ರಾ?"
"ಅಯ್ಯೋ ಇಲ್ಲ ಕಣವ್ವ. ಬಟ್ಟೆ ಒಗೀತಿದ್ದೆ.
ಒಗೆಯಕ್ ಮುಂಚೆ ಹಿತ್ಲಲ್ಲಿ ಕೊಡವ್ತಿದ್ದೆ, ಕಾಕಿ ಅಂಗಿ.
ಸಣ್ಣ ಮಲ್ಗೆ ಉದುರ್ದಂಗೆ ಉದುರೋದು."

ಹೊಸ ಕೊಳವೆ ಸಿಕ್ಕಿಸಿ ಕೊಟ್ಟೆ.
ತಿರುಗಿಸಿ ನೋಡಿದಳು, ನಕ್ಕಳು:
"ಊದ್ಗೊಳ್ವೆ! ಒಲೆ ಎಲ್ಲವ್ವಾ?"
ಕೂಗಬೇಕಾಗಲಿಲ್ಲ ನಾನು. ಕೆನ್ನೆ ಉಬ್ಬಿಸದೆ,
ಹಸಿ ಸೌದೆಗೆ ಊದಿ ಪಳಗಿದ ತುಟಿಯಿಂದ
ಒಂದು ಸಲ, ಎರಡು ಸಲ.
ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು,
ಹೊಗೆಯಿಲ್ಲದೆಯೇ.
ಗೆರೆಯತ್ತ ಬಗ್ಗಿ ಕೇಳಿದಳು:
"ಹತ್ಕಂತಾ?"

ರಿಜಿಸ್ಟರಿನಲ್ಲಿ ಅರವತ್ತೆರಡು ಹೆಸರು, ಎಲ್ಲ ಗಂಡಸರದು.
ಸ್ಕೇಲಿಟ್ಟು ಕೆಳಗೊಂದು ಸಾಲು ಎಳೆದೆ.
ಹುದ್ದೆ: ಅಂಗಿ ಕೊಡವಿದ್ದು.
ಸೇವಾವಧಿ: ಇಪ್ಪತ್ತಾರು ವರ್ಷ.
ಬಳಸಿದ ರಕ್ಷಣಾ ಸಾಧನ?
ಮುಖ ನೋಡಿದೆ.
ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.
ಅದನ್ನೇ ಬರೆದೆ.