ಅಕ್ಷರಕ್ಕಿಷ್ಟು

ಗೋಡೆ ನಿಮ್ಮದು, ಬಣ್ಣ ನನ್ನದು,
ಅಕ್ಷರಕ್ಕೊಂದು ಸೆಡಿ.
ಅಕ್ರಾ ಊರಿನ ಬಡಗಲಿಗೆ, ಟಾರು ಮುಗಿದು
ಕೆಂಪು ಧೂಳು ಏಳುವ ಕಡೆ
ನೀವು ಓದಿದ್ದೆಲ್ಲ ನಾನೇ ಬರೆದದ್ದು:
ಈ ಜಾಗ ಮಾರಾಟಕ್ಕಿಲ್ಲ.
ಇಂಗ್ಲಿಷಿನಲ್ಲಿ ಇಪ್ಪತ್ತು ಅಕ್ಷರ.
ಪದಗಳ ನಡುವಿನ ಖಾಲಿ ಜಾಗಕ್ಕೆ
ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.
ಖಾಲಿ ಜಾಗಕ್ಕೆ ದುಡ್ಡು ಕೇಳುವವರು ಬೇರೆ ಇದ್ದಾರೆ.

ಒಂದೇ ಹೊಲಕ್ಕೆ ನಾಲ್ಕು ಸಲ ಬರೆದದ್ದುಂಟು.
ಊರ ಮುಖ್ಯಸ್ಥನಿಂದ ಕೊಂಡವನಿಗೊಮ್ಮೆ,
ಮುಖ್ಯಸ್ಥನ ಚಿಕ್ಕಪ್ಪನಿಂದ ಕೊಂಡವನಿಗೊಮ್ಮೆ,
ಇಬ್ಬರ ಮೇಲೂ ಕೋರ್ಟಿನಲ್ಲಿ ಗೆದ್ದು ಬಂದವನಿಗೆ,
ಆಮೇಲೆ ಲಂಡನ್ನಿನಲ್ಲಿ ಕೂತು
ಫೋನಿನಲ್ಲೇ ಗೋಡೆ ಎಬ್ಬಿಸಿದ ನರ್ಸಮ್ಮನಿಗೆ.
ಹಿಂದಿನವನದಕ್ಕೆ ಸುಣ್ಣ, ಸುಣ್ಣದ ಮೇಲೆ ಕೆಂಪು.
ಸುಣ್ಣ ತೆಳುವಾದರೆ ಹಳೆಯದು ಇಣುಕುತ್ತದೆ,
ಇಬ್ಬರು ಒಂದೇ ತಟ್ಟೆಗೆ ಕೈ ಹಾಕಿದ ಹಾಗೆ.

ನಾಲ್ವರ ಕಾಗದದಲ್ಲೂ ಅವೇ ನಾಲ್ಕು ಕಲ್ಲು.
ಒಂದರಲ್ಲೂ ಬೆಂಡೆಗಿಡ ಇರಲಿಲ್ಲ.

ಬೆಂಡೆ ಅಜೆಲೆಯದು.
ಅವಳ ಅಜ್ಜಿಗೆ ನೆಲ ಕೊಟ್ಟ ದಿನ
ಎರಡು ಶೀಸೆ ಶ್ನಾಪ್ಸ್ ತಂದಿದ್ದರಂತೆ.
ಒಂದನ್ನು ಹಿರಿಯರ ಹೆಸರು ಕರೆದು ಮಣ್ಣಿಗೆರೆದರು,
ಇನ್ನೊಂದನ್ನು ಸಾಕ್ಷಿಗಳು ಕುಡಿದರು.
ಸಾಕ್ಷಿಗಳು ಒಬ್ಬೊಬ್ಬರಾಗಿ ಸತ್ತರು.
ಕುಡಿದವರಲ್ಲಿ ಉಳಿದದ್ದು ಮಣ್ಣೊಂದೇ,
ಅದನ್ನು ಕಟಕಟೆಗೆ ಹತ್ತಿಸುವುದು ಹೇಗೆ?

ಶುಕ್ರವಾರ ಬಂದಳು, ಸಂಜೆ,
ಉಟ್ಟ ಬಟ್ಟೆಯ ತುದಿಯ ಗಂಟು ಹಿಡಿದುಕೊಂಡು.
"ಓಬ್ಲಿಟೆ, ನನಗೂ ಬರಕೊಡು."
"ಗೋಡೆ?"
"ಇಲ್ಲ."
ಮತ್ತೆ ಎಲ್ಲಿ ಬರೆಯಲಿ, ಬೆಂಡೆಯ ಎಲೆಗೆ?
ನೀರು ತುಂಬುವ ನೀಲಿ ಡ್ರಮ್ಮು ತೋರಿಸಿದಳು.
ಗಂಟು ಬಿಚ್ಚಿದರೆ ಹನ್ನೊಂದು ಸೆಡಿ,
ಅದರಲ್ಲಿ ಎಂಟು ಬೀಜದ ಅಂಗಡಿಗೆ.
"ಮೂರಕ್ಕೆ ಏನು ಬರುತ್ತೆ?"

ಬೆರಳು ಮಡಚಿ ಲೆಕ್ಕ ಹಾಕಿದೆ.
'ಈ' ಬಿಡಬಹುದು, ಯಾವುದೆಂದು ಎಲ್ಲರಿಗೂ ಗೊತ್ತು.
'ಜಾಗ' ಬಿಡಬಹುದು, ಕಾಲ ಕೆಳಗೇ ಇದೆ.
'ಮಾರಾಟ' ಅಂದಾಗ ಅವಳೇ ರೇಗಿದಳು,
"ಆ ಮಾತನ್ನ ನನ್ನ ಡ್ರಮ್ಮಿಗೆ ಯಾಕೆ ತರ್ತೀಯ?"
ಉಳಿದದ್ದು
ಇಲ್ಲ.
ಇಂಗ್ಲಿಷಿನಲ್ಲಿ ಸರಿಯಾಗಿ ಮೂರಕ್ಷರ.

ಮೊಣಕೈ ಉದ್ದಕ್ಕೆ ಬರೆದೆ,
ಅಷ್ಟು ದೊಡ್ಡದಾಗಿ ಲಂಡನ್ನಿಗೂ ಬರೆದಿರಲಿಲ್ಲ.
ಬಣ್ಣ ಒಣಗುವ ತನಕ ಅವಳು
ನೊಣ ಕೂರದಂತೆ ಕೈ ಬೀಸುತ್ತ ನಿಂತಳು.

ಸೋಮವಾರ ನಸುಕಿನಲ್ಲಿ ಬುಲ್ಡೋಜರು.
ಮೊದಲು ಗಡಿಯ ಗಿಡ,
ಆಮೇಲೆ ಸಾಲು ಸಾಲಾಗಿ ಬೆಂಡೆ, ಹೂ ಬಿಟ್ಟಿತ್ತು,
ಹಳದಿ, ಬುಡದಲ್ಲಿ ಕಪ್ಪುಕೆಂಪು ಕಣ್ಣು.
ಡ್ರಮ್ಮಿನ ಹತ್ತಿರ ಬಂದವನು ಯಂತ್ರ ನಿಲ್ಲಿಸಿ
ಸುತ್ತು ಹಾಕಿಕೊಂಡು ಹೋದ.
ಓದು ಬರುತ್ತಿತ್ತೋ,
ನೀರು ಚೆಲ್ಲಲು ಮನಸ್ಸಾಗಲಿಲ್ಲವೋ.

ಈಗ ಹೋದರೆ ಕಾಣುತ್ತದೆ:
ಬೋಳು ಕೆಂಪಿನ ನಡುವೆ ಒಂದು ನೀಲಿ.
ಬೆಂಡೆ ಇದೆಯಾ ಅಂತ ಕೇಳಿ,
ಡ್ರಮ್ಮು ಹೇಳುತ್ತದೆ.
ಅಜೆಲೆ ಬಿಟ್ಟು ಹೋದಳಾ ಅಂತ ಕೇಳಿ,
ಅದನ್ನೇ ಹೇಳುತ್ತದೆ.
ಅದರ ಹಿಂದಿನ ಗೇಣಗಲ ನೆರಳಲ್ಲಿ ಕೂತು
ಅವಳು ಕೆಂಕೆಯ ಎಲೆ ಬಿಚ್ಚುತ್ತಿರುತ್ತಾಳೆ.

ನಿನ್ನೆ ಐದನೆಯವನು ಫೋನು ಮಾಡಿದ.
ಗೋಡೆ ಎದ್ದಿದೆ, ಬಾ, ಅಕ್ಷರಕ್ಕೆ ಎರಡು ಕೊಡುತ್ತೇನೆ,
ಆ ಡ್ರಮ್ಮಿಗೂ ಒಂದು ಕೈ ಸುಣ್ಣ ಎಳೆದುಬಿಡು.
ಕುಂಚ ಸೀಮೆಎಣ್ಣೆಯಲ್ಲಿ ನೆನೆಯುತ್ತಿದೆ.
ಮನೆಯಲ್ಲಿ ಜೋಳದ ಹಿಟ್ಟು ತಳ ಕಂಡಿದೆ.
ಉತ್ತರ ನನಗೆ ಗೊತ್ತು,
ಮೊಣಕೈ ಉದ್ದಕ್ಕೆ ಬರೆದೂ ಇದ್ದೇನೆ.
ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ.